ಸಾಗಿಸುವುದು, ಕರೆದುಕೊಂಡು ಹೋಗುವುದು

ಅಂಗಡಿಯ ಮೇಲಿನ ಮನೆ,
ಹದಿನೇಳನೇ ತಾರೀಖು, ಭಾನುವಾರ

ಪ್ರೀತಿಯ ಮಗಳೇ,

ಹೇಗಿದ್ದೀಯೆ? ಬೆನ್ನುನೋವು ಎಲ್ಲಿಗೆ ಬಂತು? “ಚೆನ್ನಾಗಿದ್ದೇನೆ” ಎಂದು ಒಂದೇ ಮಾತಿನಲ್ಲಿ ತೇಲಿಸಿಬಿಡಬೇಡ. ಬೆಳಿಗ್ಗೆ ಏನು ತಿನ್ನುತ್ತೀ, ಕೂರುವ ಕುರ್ಚಿ ನೆಟ್ಟಗಿದೆಯೋ ಇಲ್ಲವೋ, ಆ ಹಾಸ್ಟೆಲಿನ ತಣ್ಣೀರಿನಲ್ಲಿ ತಲೆ ತೊಳೆಯುವುದನ್ನು ಬಿಟ್ಟೆಯೋ ಇಲ್ಲವೋ, ಎಲ್ಲ ಬಿಡಿಸಿ ಬರೆ. ಐದು ದೇಶಗಳ ಕಾನೂನನ್ನು ಎಳೆ ಎಳೆಯಾಗಿ ಬಿಡಿಸುವವಳಿಗೆ ಹೆತ್ತ ತಾಯಿಗೆ ನಾಲ್ಕು ಸಾಲು ಬಿಡಿಸಿ ಬರೆಯುವುದು ಭಾರವಾಗಬಾರದು. ನಾನು ಆರೋಗ್ಯವಾಗಿದ್ದೇನೆ. ಮೆಟ್ಟಿಲು ಹತ್ತುವಾಗ ಎಡ ಮಂಡಿ ಮಾತ್ರ ಗೊಣಗುತ್ತದೆ. ಈ ಮನೆಯಲ್ಲಿ ನನಗೆ ಎದುರು ಮಾತಾಡುವ ಧೈರ್ಯ ಇರುವುದು ಆ ಮಂಡಿಗೆ ಮತ್ತು ನಿನ್ನ ತಮ್ಮನ ಮಗಳಿಗೆ, ಇಬ್ಬರಿಗೇ.

ಅಂಗಡಿಯಲ್ಲಿ ಕೈತುಂಬ ಕೆಲಸ. ಈ ಸಲ ಹೊಸದಾಗಿ ಸನ್ನದು ಪಡೆದ ಹುಡುಗ ಹುಡುಗಿಯರೆಲ್ಲ ಕರಿ ಕೋಟಿಗೆ ನಮ್ಮಲ್ಲಿಗೇ ಬಂದಿದ್ದಾರೆ. ಕೋರ್ಟಿನ ಎದುರು ಇನ್ನೂ ಎರಡು ಅಂಗಡಿ ತೆರೆದಿದ್ದರೂ ಕತ್ತಿನ ಹತ್ತಿರ ಸುಕ್ಕು ಬೀಳದ ಕೋಟು ಬೇಕೆಂದರೆ ಎಲ್ಲಿಗೆ ಬರಬೇಕು ಎಂದು ಅವರ ಸೀನಿಯರುಗಳು ಹೇಳಿ ಕಳಿಸುತ್ತಾರೆ. ನಮ್ಮ ಕಟಿಂಗ್ ಮಾಸ್ಟರಿಗೆ ಮಾತ್ರ ಸಮಾಧಾನವಿಲ್ಲ. “ಈಗಿನ ಹುಡುಗ್ರಿಗೆ ಭುಜಾನೇ ಇಲ್ಲ ಅಮ್ಮಾ, ಕೋಟು ಯಾವುದಕ್ಕೆ ನೇತುಹಾಕ್ಲಿ?” ಎಂದು ದಿನವೂ ರಾಗ. ನನ್ನ ಮೊಮ್ಮಗಳು ಜಡ್ಜಮ್ಮ ಶಾಲೆ ಬಿಟ್ಟವಳೇ ನೇರ ಬಂದು ಮೇಜಿನ ಮೇಲೆ ಹತ್ತಿ ಕೂರುತ್ತಾಳೆ. ಈ ಹೆಸರಿಟ್ಟವಳು ನೀನು, ಅನುಭವಿಸುವವಳು ನಾನು. ಮೊನ್ನೆ ದಪ್ಪನೆಯ ವಕೀಲರೊಬ್ಬರು ಹೋದ ವರ್ಷದ ಕೋಟು ಹಾಕಿಕೊಂಡು ಬಂದು, ಗುಂಡಿ ಕೂರುತ್ತಿಲ್ಲ, ನೀವು ಬಿಗಿ ಹೊಲಿದಿದ್ದೀರಿ ಎಂದು ಗಲಾಟೆ ಮಾಡಿದರು. ಇವಳು ಗಜಕೋಲಿನಿಂದ ಮೇಜು ಕುಟ್ಟಿ, “ಕೋಟಿಂದು ತಪ್ಪಿಲ್ಲ, ಹೊಟ್ಟೇದೇ ತಪ್ಪು” ಎಂದು ತೀರ್ಪು ಕೊಟ್ಟಳು. ಮುಂದಿನ ಎರಡು ಹಲ್ಲು ಬಿದ್ದಿರುವುದರಿಂದ ತೀರ್ಪಿನ ಅರ್ಧ ಗಾಳಿಯಲ್ಲೇ ಹೋಯಿತು, ಉಳಿದರ್ಧ ಸಾಕಾಯಿತು. ಆ ಮನುಷ್ಯ ನಕ್ಕುಬಿಟ್ಟರು, ಇಲ್ಲದಿದ್ದರೆ ನನಗೊಬ್ಬ ಗಿರಾಕಿ ಖೋತಾ. ಹಗಲು ಹೀಗೆ ಜಡ್ಜಮ್ಮನಾಗಿರುವವಳು ಮಲಗುವಾಗ ನನ್ನ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳದೆ ಕಣ್ಣು ಮುಚ್ಚುವುದಿಲ್ಲ. ನಿನ್ನ ತಮ್ಮನಿಗೂ ಇದೇ ಚಾಳಿ ಇತ್ತು. ಯಾರು ಹೇಳಿಕೊಟ್ಟರೋ.

ಪಕ್ಕದ ಗಡಿಯಾರದ ಅಂಗಡಿಯವರು, “ನಿಮ್ಮ ಮಗಳು ಕಾನೂನು ಕಾಲೇಜಲ್ಲಿ ಪಾಠ ಮಾಡ್ತಿದ್ಳಲ್ಲ, ಈಗ ಆಚೆ ದೇಶದಲ್ಲಿ ಏನು ಕೆಲಸ?” ಎಂದು ಕೇಳಿದರು. ಐದು ದೇಶಗಳ ಕಾನೂನು ಕಾಲೇಜುಗಳು ಸೇರಿ ಒಂದು ಸಂಶೋಧನಾ ಮಂಡಳಿ ಮಾಡಿಕೊಂಡಿವೆ, ಒಂದೊಂದು ದೇಶದಲ್ಲಿ ಒಂದೊಂದು ಥರ ಇರುವ ಕಾನೂನುಗಳನ್ನು ಪಕ್ಕಪಕ್ಕ ಇಟ್ಟು ನೋಡಿ ಎಲ್ಲರಿಗೂ ಹೊಂದುವ ಕರಡು ಬರೆಯುತ್ತಾರೆ, ಆಯಾ ಸರ್ಕಾರ ಒಪ್ಪಿದರೆ ಅದೇ ಕಾನೂನಾಗುತ್ತದೆ ಎಂದು ನೀನು ಹೇಳಿಕೊಟ್ಟದ್ದನ್ನು ಒಪ್ಪಿಸಿದೆ. ಅವರು ಭೂತಗನ್ನಡಿಯನ್ನು ಕಣ್ಣಿನಿಂದ ತೆಗೆದು, “ಅಂದ್ರೆ ಐದು ಗಡಿಯಾರಕ್ಕೆ ಒಂದೇ ಟೈಮು ಕೂರಿಸೋದು. ನನ್ನ ಗೋಡೆ ಮೇಲೆ ಎರಡಕ್ಕೇ ಕೂರಿಸೋಕೆ ಆಗಿಲ್ಲ ನನಗೆ” ಎಂದರು. ನಾನೂ ಮೊದಲು ಹೀಗೆಯೇ ಆಡಿಕೊಂಡವಳು. ಐದು ಮೈಗೆ ಒಂದೇ ಅಳತೆಯ ಕೋಟು ಹೊಲಿಯಲು ಹೊರಟಿದ್ದೀರಿ ಎಂದು ನಿನಗೆ ಬರೆದಿದ್ದೆ. “ಕೋಟು ಅವರವರ ಅಳತೆಗೇ ಇರಲಿ ಅಮ್ಮಾ, ಗುಂಡಿ ಯಾವ ಕಡೆ ಅನ್ನೋದು ಒಂದಾಗಲಿ. ಊರು ಬಿಟ್ಟು ಊರಿಗೆ ಹೋದವರು ಕತ್ತಲಲ್ಲಿ ತಡಕಾಡಬಾರದು” ಎಂದು ನೀನು ತಿರುಗಿ ಬರೆದೆ. ಉತ್ತರ ಚೆನ್ನಾಗಿತ್ತು. ಆಗ ಹೇಳಲಿಲ್ಲ, ಈಗ ಹೇಳಿದ್ದೇನೆ. ಮತ್ತೆ ಮತ್ತೆ ಕೇಳಬೇಡ.

ಆದರೆ ಈ ಸಲದ ನಿನ್ನ ಪತ್ರ ನಗುವಂಥದ್ದಲ್ಲ. ಎರಡು ಸಲ ಓದಿದೆ, ಕನ್ನಡಕ ಒರೆಸಿಕೊಂಡು ಮತ್ತೊಂದು ಸಲ ಓದಿದೆ. ತಂದೆ ತೀರಿಕೊಂಡ ಮಗುವನ್ನು ತಾಯಿ ಬೇರೆ ದೇಶಕ್ಕೆ ಕರೆದುಕೊಂಡು ಹೋಗಬೇಕಾದರೆ ನಮ್ಮಲ್ಲಿ ತಂದೆಯ ಮನೆಯ ಹಿರಿಯರ ಅನುಮತಿ ಬೇಕು. ನೀನಿರುವ ದೇಶದಲ್ಲಿ ತಾಯಿಯ ಮಾತೊಂದೇ ಸಾಕು. ಇನ್ನೊಂದು ಕಡೆ ಕೋರ್ಟು ಹೇಳಬೇಕು, ಉಳಿದೆರಡು ಕಡೆ ಯಾರೂ ಏನೂ ಬರೆದೇ ಇಲ್ಲ. ಕರಡಿನಲ್ಲಿ ತಾಯಿಯ ಮಾತು ಸಾಕು ಎಂದೇ ಇರಲಿ ಎಂಬುದು ಮಂಡಳಿಯಲ್ಲಿ ಹೆಚ್ಚಿನವರ ಮನಸ್ಸು, ಅದಕ್ಕೆ ನಮ್ಮ ದೇಶದ ಕಡೆಯಿಂದ ಅಭಿಪ್ರಾಯ ಬರೆಯಬೇಕಾದವಳು ನೀನು. “ತಾಯಿಯೊಬ್ಬಳೇ ಸಾಕು ಅಂತ ಬರೆದರೆ ನಿನ್ನ ಮೊಮ್ಮಗಳನ್ನು ನಿನ್ನ ಕೈಯಿಂದ ನಾನೇ ಬಿಡಿಸಿದ ಹಾಗೆ. ಹಿರಿಯರ ಅನುಮತಿ ಬೇಕು ಅಂತ ಬರೆದರೆ ನಾನು ಓದಿದ್ದಕ್ಕೆ ನಾನೇ ಮಸಿ ಬಳಿದ ಹಾಗೆ. ಈ ಕೆಲಸ ಬೇರೆಯವರಿಗೆ ಕೊಡಿ ಅಂತ ಕೇಳಲಾ ಅಮ್ಮಾ?” ಎಂದು ಬರೆದಿದ್ದೀಯೆ. ಅಕ್ಷರ ಓರೆಯಾಗಿತ್ತು. ಅಳುತ್ತಾ ಬರೆದೆಯೋ ಬಸ್ಸಿನಲ್ಲಿ ಕೂತು ಬರೆದೆಯೋ ಗೊತ್ತಾಗಲಿಲ್ಲ. ಬಸ್ಸಿನಲ್ಲಿ ಎಂದುಕೊಂಡಿದ್ದೇನೆ.

ನಿನ್ನ ತಮ್ಮನ ಹೆಂಡತಿಗೆ ನೀನಿರುವ ದೇಶದಲ್ಲೇ ಇರುವ ಅವಳ ಊರಿನ ಆಸ್ಪತ್ರೆಯಿಂದ ಕರೆ ಬಂದಿರುವುದನ್ನು ಅವಳೇ ನಿನಗೆ ತಿಳಿಸಿದ್ದಾಳೆ. ಮಕ್ಕಳ ವಾರ್ಡಿಗೆ ಹಿರಿಯ ನರ್ಸು. ಅದೇ ಆಸ್ಪತ್ರೆ. ಲಾರಿ ಓಡಿಸಿಕೊಂಡು ಗಡಿ ದಾಟಿದ ನಿನ್ನ ತಮ್ಮ ಹೊಟ್ಟೆನೋವೆಂದು ಅಲ್ಲಿ ಮಲಗಿ, ಕರುಳಿನ ತುಂಡೊಂದನ್ನು ಅವರಿಗೆ ಬಿಟ್ಟು, ಬದಲಿಗೆ ಅವರ ನರ್ಸನ್ನು ನನಗೆ ಕರೆತಂದ. ಬಾಗಿಲಲ್ಲಿ ನಿಂತು, “ಅಮ್ಮಾ, ಆಪರೇಷನ್ ಆಯ್ತು, ಮದುವೇನೂ ಆಯ್ತು” ಎಂದವನನ್ನು ನಾನು ಏನೆಂದು ಬೈಯಲಿ? ಬಂದ ಮೇಲೆ ಅವಳ ನರ್ಸಿಂಗ್ ಸರ್ಟಿಫಿಕೇಟು ಇಲ್ಲಿ ನಡೆಯುವುದಿಲ್ಲ ಎಂದರು. ಅಲ್ಲಿಯವರ ರಕ್ತ ಬೇರೆ ಬಣ್ಣವೇ ಎಂದು ನಾನೇ ಕಚೇರಿಗೆ ಹೋಗಿ ಕೇಳಿದೆ. “ಬಣ್ಣ ಒಂದೇ ಅಮ್ಮಾ, ಕಾನೂನು ಬೇರೆ” ಎಂದರು. ಅಂದಿನಿಂದ ಕೆಳಗೆ ಕಿಟಕಿಯ ಪಕ್ಕ ಕೂತು ಕೋಟಿನ ಗುಂಡಿಗಳಿಗೆ ಕಾಜಾ ಹೊಲಿಯುತ್ತಿದ್ದಾಳೆ. ನಿನ್ನ ತಮ್ಮ ಜ್ವರದಲ್ಲಿ ಹೋದ ಮೇಲೂ ಎದ್ದು ಹೋಗಲಿಲ್ಲ. ಈ ಬೀದಿಯಲ್ಲಿ ನಾಲ್ಕು ಜನ, “ನೋಡ್ತಿರಿ, ವರ್ಷ ತುಂಬೋದ್ರೊಳಗೆ ಗಂಟುಮೂಟೆ ಕಟ್ತಾಳೆ” ಎಂದರು. ಆ ನಾಲ್ವರಿಗೂ ನಾನು ಈಗ ಕೋಟು ಹೊಲಿಯುವುದಿಲ್ಲ.

ಕರೆ ಬಂದ ದಿನ ಊಟಕ್ಕೆ ಕೂತಾಗ ಕೇಳಿದಳು. ನಮ್ಮ ಮಾತು ಅವಳ ನಾಲಿಗೆಗೆ ಇನ್ನೂ ಪೂರ್ತಿ ಒಗ್ಗಿಲ್ಲ ಎಂದು ನಿನಗೆ ಗೊತ್ತು. “ಅತ್ತೆ, ನಮ್ಮೂರಿಂದ ಕರೀತಾರೆ. ನಾನು ಹೋಗಲಿ? ಮಗು ತಗೊಂಡು ಹೋಗಲಿ?” ಎಂದಳು. ಉತ್ತರದ ಬದಲು ನನ್ನ ಬಾಯಿಂದ ಬಂದದ್ದು ಪಾಠ. “ಮಗು ಏನು ಬದನೆಕಾಯೇನೇ? ಎಷ್ಟು ಸಲ ಹೇಳಿದ್ದೀನಿ, ಸಾಮಾನಾದ್ರೆ ತಗೊಂಡು ಹೋಗೋದು, ಮನುಷ್ಯರಾದ್ರೆ ಕರ್ಕೊಂಡು ಹೋಗೋದು” ಎಂದೆ. “ಕರ್ಕೊಂಡು ಹೋಗಲಿ?” ಎಂದಳು, ಪಾಠ ಒಪ್ಪಿಸುವ ಮಗುವಿನ ಹಾಗೆ. “ಹಾಂ, ಈಗ ಸರಿಯಾಯ್ತು. ಊಟ ಮಾಡು” ಎಂದೆ. ಮಾತು ಸರಿಯಾಯಿತು, ಪ್ರಶ್ನೆ ತಟ್ಟೆಯ ಪಕ್ಕದಲ್ಲೇ ಉಳಿಯಿತು. ಅವಳು ಮತ್ತೆ ಕೇಳಲಿಲ್ಲ. ನನ್ನ ಅನುಮತಿ ಬೇಕೆಂದು ಕಾನೂನಿನಲ್ಲೇ ಇದೆ ಎಂಬುದು ಅವಳಿಗೆ ಗೊತ್ತಿಲ್ಲ ಕಣೇ. ನಾನು ದೊಡ್ಡವಳು ಎಂದು ಕೇಳಿದಳು, ಅಷ್ಟೇ. ಅದೇ ನನಗೆ ಚುಚ್ಚುತ್ತಿದೆ.

ಈ ವಿಷಯ ವಾಯಿದೆ ವಕೀಲರ ಕಿವಿಗೆ ಹೋಗಿದೆ, ಕಟಿಂಗ್ ಮಾಸ್ಟರ ಕೃಪೆ. ಹತ್ತಾರು ವರ್ಷಗಳಿಂದ ಕೇಸು ಮುಂದಕ್ಕೆ ಹಾಕಿಸಿ ಬರೀ ವಾಯಿದೆ ತೆಗೆದುಕೊಂಡೇ ಹೆಸರು ಮಾಡಿದವರು, ಕೋಟಿನ ಕಾಲರ್ ತಿರುಗಿಸಲು ಕೊಟ್ಟದ್ದನ್ನು ಮಾತ್ರ ಅದೇ ದಿನ ಕೇಳುತ್ತಾರೆ. ಗುರುವಾರ ಕಂಕುಳಲ್ಲಿ ಕಾನೂನಿನ ಪುಸ್ತಕ ಇಟ್ಟುಕೊಂಡೇ ಬಂದರು. “ಅಮ್ಮಾವ್ರೇ, ನೀವ್ಯಾಕೆ ಚಿಂತೆ ಮಾಡ್ತೀರಿ? ಕಾನೂನು ನಿಮ್ಮ ಮಡಿಲಲ್ಲೇ ಕೂತಿದೆ. ನೀವು ಹೂಂ ಅನ್ನದಿದ್ರೆ ಮಗು ಗಡಿ ದಾಟೋ ಹಾಗಿಲ್ಲ. ಒಂದು ಅರ್ಜಿ ಹಾಕಿಡೋಣ. ಆಮೇಲೆ ವಾಯಿದೆ, ಅದರ ಮೇಲೆ ವಾಯಿದೆ, ಹುಡುಗಿ ಹೈಸ್ಕೂಲು ಮುಗಿಸಿರ್ತಾಳೆ” ಎಂದರು. ಸುಳ್ಳು ಯಾಕೆ ಹೇಳಲಿ, ಬಿಸಿಲಲ್ಲಿ ನಡೆದು ಬಂದವಳಿಗೆ ನೆರಳು ಸಿಕ್ಕಂತಾಯಿತು ನನಗೆ. ಕುರ್ಚಿ ಹಾಕಿಸಿ, ಚಹಾ ತರಿಸಿ, ಆ ಕಲಮು ಏನಿದೆ ಓದಿ ಎಂದೆ. ಅವರು ಗಂಟಲು ಸರಿಮಾಡಿಕೊಂಡು, “ಅಪ್ರಾಪ್ತ ವಯಸ್ಕರನ್ನು ಪಿತೃಪಕ್ಷದ ಹಿರಿಯರ ಲಿಖಿತ ಅನುಮತಿಯಿಲ್ಲದೆ ದೇಶದ ಗಡಿಯಾಚೆಗೆ ಸಾಗಿಸತಕ್ಕದ್ದಲ್ಲ” ಎಂದು ಕೋರ್ಟಿನ ದನಿಯಲ್ಲಿ ಓದಿದರು.

ಅಷ್ಟರಲ್ಲಿ ಅವರ ಕೋಟನ್ನು ಇಸ್ತ್ರಿ ಮಾಡಿ ತಂದ ಸೊಸೆ ಹಿಂದೆ ನಿಂತಿದ್ದಳು. “ಸಾರ್, ನೀವು ತಪ್ಪು ಓದಿದ್ರಿ” ಎಂದಳು. ವಕೀಲರು ಕನ್ನಡಕದ ಮೇಲಿಂದ ನೋಡಿದರು. “ಸಾಗಿಸೋದು ಸಿಮೆಂಟಿಗೆ ಸಾರ್, ಅಕ್ಕಿ ಮೂಟೆಗೆ. ಮನುಷ್ಯರಿಗೆ ಕರ್ಕೊಂಡು ಹೋಗೋದು. ನಮ್ಮತ್ತೆ ಹೇಳಿಕೊಟ್ಟಿದ್ದಾರೆ.” ಯಾರದೋ ಮನೆಯ ಕೇಸು ಎಂದುಕೊಂಡಿದ್ದಳು ಪಾಪ. “ಇಲ್ಲಮ್ಮ, ಪುಸ್ತಕದಲ್ಲಿ ಹೀಗೇ ಇದೆ” ಎಂದು ಅವರು ಬೆರಳಿಟ್ಟು ತೋರಿಸಿದರು. “ಹಾಗಾದ್ರೆ ಪುಸ್ತಕ ತಪ್ಪು” ಎಂದು ನನ್ನ ಕಡೆ ತಿರುಗಿ, ಹೌದಲ್ವಾ ಅತ್ತೆ ಎನ್ನುವಂತೆ ನೋಡಿದಳು. ಎಂಟು ವರ್ಷದಿಂದ ನಾನು ತಿದ್ದಿದ್ದು ವ್ಯರ್ಥವಾಗಿಲ್ಲ ಎಂದು ನನಗೆ ತೋರಿಸುವ ಖುಷಿ ಅವಳ ಮುಖದಲ್ಲಿತ್ತು. ಮೇಜಿನ ಮೇಲಿಂದ ಜಡ್ಜಮ್ಮ ಗಜಕೋಲು ಕುಟ್ಟಿ, “ಪುಸ್ತಕದ್ದೇ ತಪ್ಪು!” ಎಂದು ಕೂಗಿದಳು. ಸೊಸೆ ಹೇಳಿದ್ದು ನನ್ನದೇ ಮಾತು. ವಕೀಲರು ತಂದದ್ದು ನನ್ನದೇ ಹಕ್ಕು. ಎರಡೂ ನನ್ನವೇ, ಎರಡೂ ಒಂದೇ ಮೇಜಿನ ಮೇಲೆ. “ಕಾಲರ್ ಆಗಿದೆ ವಕೀಲರೇ, ಹಾಕಿ ನೋಡಿ” ಎಂದೆ. ಅವರು ಹೊರಡುವಾಗ ದನಿ ತಗ್ಗಿಸಿ, “ಮತ್ತೆ ಅರ್ಜಿ?” ಎಂದರು. “ಅದಕ್ಕೆ ವಾಯಿದೆ ಕೊಟ್ಟಿದ್ದೀನಿ” ಎಂದೆ. ಚಹಾ ಪೂರ್ತಿ ಕುಡಿಯದೆ ಹೋದರು.

ಮರುದಿನ ಇನ್ನೊಂದು ನಡೆಯಿತು, ಗಾಬರಿಯಾಗಬೇಡ, ಈಗ ಎಲ್ಲ ಸರಿಯಾಗಿದೆ. ಕಟಿಂಗ್ ಮಾಸ್ಟರು ದಪ್ಪ ಬಟ್ಟೆಯ ಆರು ಮಡಿಕೆ ಒಟ್ಟಿಗೆ ಕತ್ತರಿಸಲು ಹೋಗಿ ದೊಡ್ಡ ಕತ್ತರಿಯನ್ನು ಎಡ ಅಂಗೈಗೆ ಇಳಿಸಿಕೊಂಡರು. ರಕ್ತ ನೋಡಿ ಆ ದೊಡ್ಡ ಗಂಡಸು ಬಟ್ಟೆಯ ಹಾಗೆ ಕುಸಿದರು. ನಾನು ನೀರು ನೀರು ಎಂದು ಕೂಗುತ್ತಿದ್ದೆ, ಯಾಕೆ ನೀರು ಎಂದು ನನಗೇ ಗೊತ್ತಿರಲಿಲ್ಲ. ಸೊಸೆ ಕೈಯಲ್ಲಿದ್ದ ಕೋಟನ್ನು ಬದಿಗಿಟ್ಟು ಎದ್ದಳು. “ಮಲಗಿ. ಕೈ ಮೇಲೆತ್ತಿ. ನನ್ನ ನೋಡಿ, ಗಾಯ ನೋಡ್ಬೇಡಿ. ಅತ್ತೆ, ಕೂಗ್ಬೇಡಿ, ಆ ಬಿಳೀ ಅಸ್ತರು ಬಟ್ಟೆ ಹರಿದು ಕೊಡಿ.” ನನಗೆ, ಈ ಅಂಗಡಿಯಲ್ಲಿ, ಕೂಗಬೇಡಿ ಎಂದಳು! ನಾನು ಬಾಯಿ ಮುಚ್ಚಿಕೊಂಡು ಹರಿದು ಕೊಟ್ಟೆ. ಆ ದನಿಯನ್ನು ಇಷ್ಟು ವರ್ಷದಲ್ಲಿ ಒಂದು ದಿನವೂ ಕೇಳಿರಲಿಲ್ಲ. ಒಂದು ಪದ ತಪ್ಪಲಿಲ್ಲ. ಆಸ್ಪತ್ರೆಯಲ್ಲಿ ಹೊಲಿಗೆ ಹಾಕಿದ ಡಾಕ್ಟರು, ಮೊದಲು ಕಟ್ಟು ಕಟ್ಟಿದವರು ಯಾರು ಎಂದು ಕೇಳಿದರಂತೆ. ಮಾಸ್ಟರು, “ನಮ್ಮಂಗಡೀಲಿ ಕಾಜಾ ಹೊಲಿಯೋ ಅಮ್ಮ” ಎಂದರಂತೆ. ಅದನ್ನು ಇಲ್ಲಿ ಬಂದು ಹೆಮ್ಮೆಯಿಂದ ಹೇಳಿದರು. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ.

ಸಂಜೆ ನೆಲ ಒರೆಸಿ ಮುಗಿಸಿ ಮತ್ತೆ ಕಿಟಕಿಯ ಪಕ್ಕ ಕೂತು ಸೂಜಿಗೆ ದಾರ ಪೋಣಿಸುತ್ತಾ, “ಅತ್ತೆ, ಬಟ್ಟೆಗೆ ರಕ್ತ ಆಗಿದೆ. ಮೇಲೆ ಕರ್ಕೊಂಡು ಹೋಗಿ ತೊಳೀತೀನಿ” ಎಂದಳು. ಬಟ್ಟೆಯನ್ನು ಕರ್ಕೊಂಡು ಹೋಗುತ್ತಾಳಂತೆ! ನಾನು ತಿದ್ದಲಿಲ್ಲ. ಕರ್ಕೊಂಡು ಹೋಗು ಎಂದೆ.

ಈಗ ನಿನ್ನ ಪ್ರಶ್ನೆಗೆ ಬರುತ್ತೇನೆ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತಾರೆ. ನನ್ನ ಕಾಲ ಮುಗಿಯಿತು ಎಂದು ನಾನು ಎಲ್ಲೂ ಒಪ್ಪಿಲ್ಲ, ನೀನೂ ಹಾಗೆ ಬರೆಯಕೂಡದು. ಆದರೆ ನಿನ್ನ ಕೆಲಸವನ್ನು ಬೇರೆಯವರಿಗೆ ದಾಟಿಸಬೇಡ. ಅಳತೆ ತೆಗೆದವರೇ ಬಟ್ಟೆ ಕತ್ತರಿಸಬೇಕು, ಅದು ನಮ್ಮ ಅಂಗಡಿಯ ಕಟ್ಟಳೆ. ಹೈಸ್ಕೂಲು ದಾಟದ ನಾನು ನಿನ್ನನ್ನು ಅಷ್ಟು ಓದಿಸಿದ್ದು ಕಷ್ಟದ ಸಾಲು ಬಂದಾಗ ಪೆನ್ನು ಪಕ್ಕದವರಿಗೆ ಕೊಡಲಿ ಎಂದಲ್ಲ. ನಮ್ಮಂಥ ಎಷ್ಟು ಮನೆಗಳಿವೆಯೋ, ಅಲ್ಲಿ ಎಲ್ಲ ಅತ್ತೆಯರೂ ನನ್ನ ಹಾಗೆ ಇರುವುದಿಲ್ಲ, ನನಗಿಂತ ಒಳ್ಳೆಯವರೂ ಇರಬಹುದು, ಕೆಟ್ಟವರೂ ಇರಬಹುದು. ಅವರೆಲ್ಲರನ್ನೂ ಮುಂದೆ ಕೂರಿಸಿಕೊಂಡು ನಿನಗೆ ಸರಿ ಕಂಡದ್ದನ್ನು ಬರೆ. ನನ್ನೊಬ್ಬಳನ್ನೇ ಕೂರಿಸಿಕೊಳ್ಳಬೇಡ. ನನ್ನ ಮನೆಯ ವಿಷಯ ನನಗೆ ಬಿಡು, ಅದನ್ನು ನೋಡಿಕೊಳ್ಳಲು ನನಗೆ ಯಾವ ಮಂಡಳಿಯೂ ಬೇಡ. ಇನ್ನೊಂದು. ಆ “ಸಾಗಿಸು” ಎಂಬುದನ್ನು ಮಾತ್ರ ಮೊದಲು ತೆಗೆಸು. ಉಳಿದದ್ದಕ್ಕೆ ನೀವು ಮೇಷ್ಟ್ರುಗಳು ಎಷ್ಟು ವರ್ಷ ಬೇಕಾದರೂ ಜಗಳವಾಡಿಕೊಳ್ಳಿ.

ರಾತ್ರಿ ಊಟ ಬಿಡಬೇಡ. ಬೆನ್ನಿಗೆ ದಿಂಬು ಕೊಟ್ಟುಕೊಂಡು ಓದು. ನಿನ್ನ ಜೊತೆ ಕೆಲಸ ಮಾಡುವವರಿಗೆಲ್ಲ, ಯಾವ ದೇಶದವರೇ ಆಗಲಿ, ಈ ಅಮ್ಮ ಕೇಳಿದಳೆಂದು ಹೇಳು. ಯಾರಿಗಾದರೂ ಕೋಟಿನ ಭುಜ ಸರಿ ಕೂರದಿದ್ದರೆ ಅಳತೆ ಕಳಿಸಲಿ. ನೀನು ಎಲ್ಲಿ ಕೂತು ಬರೆದರೂ ನಿನ್ನ ಕೈ ಗಟ್ಟಿಯಾಗಿರಲಿ.

ನಿನ್ನನ್ನು ಹೆತ್ತು, ಬೈದು, ಓದಿಸಿದ
ಅಮ್ಮ

ತಾ.ಕ. ಬುಧವಾರ ಬೆಳಿಗ್ಗೆ. ಮೇಲಿನದನ್ನು ಅಂಚೆಗೆ ಹಾಕಲಿಲ್ಲ. ಕೆಳಗೆ ಆಟೋ ಕಾಯುತ್ತಿದೆ, ಅದಕ್ಕೇ ಈ ಗೀಚು. ಸೋಮವಾರ ನಾನೇ ಕಚೇರಿಗೆ ಹೋಗಿ ಅನುಮತಿಗೆ ಸಹಿ ಹಾಕಿ ಬಂದೆ. ಗುಮಾಸ್ತ, “ಯಾರಾದ್ರೂ ಒತ್ತಾಯ ಮಾಡಿದ್ರಾ ಅಮ್ಮಾ?” ಎಂದು ಕೇಳಿದ. ನನಗೆ ಒತ್ತಾಯ ಮಾಡುವವರು ಇನ್ನೂ ಹುಟ್ಟಿಲ್ಲಪ್ಪ ಎಂದೆ. ನಿಮ್ಮ ಕರಡು ಕಾನೂನಾಗಿ ಬಂದ ಮೇಲೆ ಕಳಿಸಿದ್ದರೆ ಕಾನೂನು ಕಳಿಸಿದ ಹಾಗಾಗುತ್ತಿತ್ತು. ಉಹೂಂ ಎನ್ನುವ ಹಕ್ಕು ಇನ್ನೂ ನನ್ನ ಕೈಯಲ್ಲಿರುವಾಗಲೇ ಹೂಂ ಎಂದಿದ್ದೇನೆ, ಇದು ನಿಮ್ಮೆಲ್ಲರಿಗೂ ನೆನಪಿರಲಿ. ಇನ್ನು ನೀನು ಏನು ಬರೆದರೂ ಅಮ್ಮನಿಗಾಗಿ ಬರೆದಳು ಎಂದು ಯಾರೂ ಬಾಯಿ ತೆರೆಯುವಂತಿಲ್ಲ. ಈ ಪತ್ರ ನಿನ್ನ ಕೈಗೆ ಕೊಟ್ಟವಳು ನಿನ್ನ ಎದುರಿಗೇ ನಿಂತಿದ್ದಾಳೆ, ಅವಳ ಬೆರಳು ಹಿಡಿದುಕೊಂಡು ಇನ್ನೊಬ್ಬಳು. ಇಷ್ಟು ಹೊತ್ತೂ ಅವರನ್ನು ಬಾಗಿಲಲ್ಲಿ ನಿಲ್ಲಿಸಿಕೊಂಡು ಓದುತ್ತಿದ್ದೀಯೇನೇ? ಒಳಗೆ ಕರಿ. ಒಂದೆರಡು ದಿನ ನಿನ್ನಲ್ಲಿ ಇಟ್ಟುಕೊಂಡು ಆಮೇಲೆ ಅವಳ ಊರಿನ ಬಸ್ಸು ಹತ್ತಿಸು. ಮಗುವಿಗೆ ದಾರಿಯಲ್ಲಿ ಹೊಟ್ಟೆ ತೊಳಸಿರುತ್ತದೆ, ಮೊದಲು ನೀರು ಕೊಡು, ಆಮೇಲೆ ಅಪ್ಪಿಕೋ. ನನ್ನ ಬದಲಿಗೂ ಒಂದು ಸಲ. ನಾಲ್ಕು ಜನರ ಎದುರು ಬಸ್ ನಿಲ್ದಾಣದಲ್ಲಿ ನನಗೆ ಅದೆಲ್ಲ ಬರುವುದಿಲ್ಲ.